ಉರುಮೆ ಬಾರಿಸಿದವರ ಹೆಸರೇನು?

ಯುಗಾದಿ ಕಳೆದು ಜಾತ್ರೆ, ಪರಿಷೆಗಳ ಕಾಲ ಬಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಊರುಗಳಲ್ಲಿ ಎರಡು ಬಗೆಯ ಸದ್ದು ಒಂದೇ ಬೀದಿಯಲ್ಲಿ ಸಾಗುತ್ತವೆ. ದೇವರ ಮುಂದೆ ತಮಟೆ, ಅರೆ, ಉರುಮೆ. ಸ್ವಲ್ಪ ದೂರದಲ್ಲಿ ಜನರೇಟರ್ ಕಟ್ಟಿಕೊಂಡ ಗಾಡಿ, ಅದರ ಮೇಲೆ ಆಳೆತ್ತರದ ಬಾಕ್ಸುಗಳು, ತಿರುಗುವ ಲೈಟು, ಲ್ಯಾಪ್‌ಟಾಪ್ ಮುಂದೆ ನಿಂತ ಡಿಜೆ ಹುಡುಗ. ಅವನು ಹಾಕುವ ಹಾಡು ಯಾವುದಾದರೂ ಇರಬಹುದು: ಸಿನಿಮಾದ್ದು, ದೇವರದ್ದು, ಸೋಬಾನೆ ಪದದ್ದು. ಪಾವಗಡದ ಕಡೆ ಹೋದರೆ ತೆಲುಗಿನದ್ದೂ ಸೇರುತ್ತದೆ. ಹಾಡು ಬದಲಾದರೂ ಅದರ ಅಡಿಯಲ್ಲಿ ಒಂದೇ ಅಳತೆಯಲ್ಲಿ ಬೀಳುವ ಧಮ್ ಧಮ್ ಎಂಬ ಏಟು ಮಾತ್ರ ಬದಲಾಗುವುದಿಲ್ಲ. ಎದೆಗೂಡಿಗೆ ನೇರವಾಗಿ ತಗಲುವ ಆ ಏಟಿಗೂ ಒಂದು ವಂಶಾವಳಿ ಇದೆ. ಸಾಹಿತ್ಯ ಪತ್ರಿಕೆಗಳು ಅದನ್ನು ಗದ್ದಲವೆಂದು ಕರೆದು ಬಾಗಿಲು ಹಾಕಿಕೊಂಡಿವೆ. ಈ ಸಂಚಿಕೆಯ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೇನೆ. ನಮ್ಮ ಹಟ್ಟಿ, ಕೇರಿಗಳ ದನಿ ಮುಂದೆ ಯಾರ ಹೆಸರಿನಲ್ಲಿ ಬದುಕುತ್ತದೆ ಎಂಬುದು ಈಗ ಆ ಗಾಡಿಯ ಮೇಲೆ ತೀರ್ಮಾನವಾಗುತ್ತಿದೆ.

1977ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ವೇರ್‌ಹೌಸ್ ಎಂಬ ಕುಣಿತದ ಜಾಗ ತೆರೆಯಿತು. ಫ್ರಾಂಕಿ ನಕಲ್ಸ್ ಅಲ್ಲಿ ರೆಕಾರ್ಡು ನುಡಿಸುತ್ತಿದ್ದರು. ಕುಣಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಅದರಲ್ಲೂ ಊರು ತನ್ನವರೆಂದು ಒಪ್ಪಿಕೊಳ್ಳದಿದ್ದ ಸಲಿಂಗಪ್ರೇಮಿಗಳು. ಆ ಜಾಗದ ಹೆಸರಿನ ಬಾಲವೇ ಅಲ್ಲಿಯ ಸಂಗೀತಕ್ಕೆ ಅಂಟಿ ಅದು 'ಹೌಸ್' ಆಯಿತು. ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಗೆಳೆಯರು ಯಂತ್ರದ ನಡೆಯನ್ನೇ ಸಂಗೀತ ಮಾಡಿದರು, ಅದು 'ಟೆಕ್ನೊ'. 1990ರ ದಶಕದ ಲಂಡನ್ನಿನಲ್ಲಿ ಇವೆರಡರ ಬೆರಕೆಯಾಗಿ ಟೆಕ್-ಹೌಸ್ ಹುಟ್ಟಿತು. ಮಿಸ್ಟರ್ ಸಿ ಎಂಬ ಹೆಸರಿನ ಡಿಜೆ ಜೊತೆಗಾರರೊಂದಿಗೆ 1995ರಲ್ಲಿ ಅಲ್ಲಿ ತೆರೆದ 'ದಿ ಎಂಡ್' ಕ್ಲಬ್ಬು ಅದರ ಮುಖ್ಯ ಮನೆಗಳಲ್ಲೊಂದಾಗಿತ್ತು. ನಿಮಿಷಕ್ಕೆ ಸುಮಾರು 120ರಿಂದ 130 ಏಟು, ನಾಲ್ಕರ ನಡೆ, ಕಡಿಮೆ ಮಾತು, ಹೆಚ್ಚು ತಾಳ, ಕೆಳಗೆ ಉರುಳುತ್ತ ಹೋಗುವ ಬೇಸ್. ಹಾಡಿಗಾಗಿ ಕಾದು ಕೂರುವವರಿಗೆ ಇದರಲ್ಲಿ ಏನೂ ಸಿಗದು. ತಾಳವೇ ಇಲ್ಲಿ ಕಥಾನಾಯಕ.

ಇಂಥ ರೆಕಾರ್ಡು ಹೊರಬರುವ ರೀತಿಯನ್ನೂ ಗಮನಿಸಬೇಕು. ಒಂದು ಬದಿಯಲ್ಲಿ ಮೂಲ, ಇನ್ನೊಂದು ಬದಿಯಲ್ಲಿ ಬೇರೆಯವರು ಮಾಡಿದ ಎರಡೋ ಮೂರೋ ರೀಮಿಕ್ಸು. ಮೊದಲ ಒಂದು ನಿಮಿಷ ಬರೀ ತಾಳ ಇರುತ್ತದೆ. ಹಿಂದಿನ ಹಾಡು ನಡೆಯುತ್ತಿರುವಾಗಲೇ ಇದನ್ನು ಮೆಲ್ಲಗೆ ಜೋಡಿಸಿ, ಕುಣಿಯುವವರ ಕಾಲು ನಿಲ್ಲದಂತೆ ದಾಟಿಸಲು ಡಿಜೆಗೆ ಆ ಜಾಗ ಬೇಕು. ಈಗ ತಟ್ಟೆ ಹೋಗಿ ಫೈಲು ಬಂದಿದ್ದರೂ ಕಟ್ಟು ಅದೇ. ರೀಮಿಕ್ಸ್ ಎಂಬುದರ ಬೇರು ಇದಕ್ಕಿಂತ ಹಿಂದಿನದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ, ಹಾಡುಗಳಿಂದ ದನಿಯನ್ನು ತೆಗೆದು, ಡ್ರಮ್ಮು ಮತ್ತು ಬೇಸನ್ನು ಮುಂದಕ್ಕೆ ತಂದು ಹೊಸ ಹಾಡುಗಳನ್ನೇ ಕಟ್ಟಿದರು. ನ್ಯೂಯಾರ್ಕಿನಲ್ಲಿ ಟಾಮ್ ಮೌಲ್ಟನ್ ಕುಣಿಯುವವರಿಗಾಗಿ ಹಾಡುಗಳನ್ನು ಹಿಗ್ಗಿಸಿದರು. 1976ರಲ್ಲಿ ವಾಲ್ಟರ್ ಗಿಬ್ಬನ್ಸ್ ಮಾಡಿದ ಒಂದು ರೀಮಿಕ್ಸಿನೊಂದಿಗೆ 12 ಇಂಚಿನ ಸಿಂಗಲ್ ತಟ್ಟೆ ಅಂಗಡಿಗೆ ಬಂತು. ತಟ್ಟೆ ಅಗಲವಾದ್ದರಿಂದ ಅದರ ಗೆರೆಗಳೂ ಅಗಲ. ಬೇಸ್ ದಪ್ಪವಾಗಿ ಕೂರುತ್ತಿತ್ತು.

ಇದೆಲ್ಲ ಪರದೇಶದ ಮಾತು ಎನ್ನುವ ಮುನ್ನ ಚರಣ್‌ಜಿತ್ ಸಿಂಗ್ ಅವರನ್ನು ನೆನೆಯಬೇಕು. ಮುಂಬೈನ ಸಿನಿಮಾ ಸ್ಟುಡಿಯೊಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ತಾಳಯಂತ್ರ, ಬೇಸ್‌ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಒಂದು ಎಲ್‌ಪಿ ತಂದರು. ಯಾರೂ ಗಮನಿಸಲಿಲ್ಲ. 2010ರಲ್ಲಿ ಅದು ಮರುಮುದ್ರಣವಾದಾಗ ಯುರೋಪಿನ ಕ್ಲಬ್ಬುಗಳ ಜನ ಬೆರಗಾದರು. ಷಿಕಾಗೊದವರು ಅದೇ ಯಂತ್ರದಿಂದ ಆಸಿಡ್ ಹೌಸ್ ತೆಗೆಯುವ ಐದು ವರ್ಷ ಮೊದಲೇ ಮುಂಬೈಯಲ್ಲಿ ಅಂಥ ಸದ್ದು ಹುಟ್ಟಿತ್ತು. ಕನ್ನಡಕ್ಕೂ ಡಿಸ್ಕೊ ತಡವಾಗೇನೂ ಬರಲಿಲ್ಲ. 1981ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಕೊಟ್ಟ ಕುಣಿತದ ಹಾಡು ಇಲ್ಲದೆ ಇಂದಿಗೂ ನಮ್ಮ ಕಡೆಯ ಆರ್ಕೆಸ್ಟ್ರಾ ಮುಗಿಯುವುದಿಲ್ಲ.

ಈಗ ನಮ್ಮ ಚರ್ಮವಾದ್ಯಗಳ ಕಡೆಗೆ ಬರುತ್ತೇನೆ.

ಉರುಮೆಯನ್ನು ಹತ್ತಿರದಿಂದ ಕೇಳಿದವರಿಗೆ ಅದರ ದನಿಯನ್ನು ವಿವರಿಸಬೇಕಿಲ್ಲ. ನಡು ಸಣ್ಣಗಿರುವ ಈ ವಾದ್ಯಕ್ಕೆ ಎರಡು ಮುಖ. ಒಂದು ಮುಖವನ್ನು ಕಡ್ಡಿಯಿಂದ ಬಡಿಯುತ್ತಾರೆ. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊಟ್ಟೆಯೊಳಗಿಂದ ಎದ್ದಂತೆ ಒಂದು ಗೂಂಕಾರ ಏಳುತ್ತದೆ. ಕೋಲು ಸರಿದ ಹಾಗೆ ಅದು ಮೇಲೇರುತ್ತದೆ, ಜಾರುತ್ತದೆ, ಮುರಿಯುತ್ತದೆ. ಟೆಕ್-ಹೌಸ್‌ನವರು ಯಂತ್ರದ ಗುಂಡಿ ತಿರುಗಿಸಿ ಬೇಸನ್ನು ಜಾರಿಸಲು ಪಡುವ ಪಾಡೆಲ್ಲ ಈ ಒಂದು ಗೂಂಕಾರಕ್ಕಾಗಿಯೇ ಎಂದು ನನಗೆ ಅನೇಕ ಸಲ ಅನ್ನಿಸಿದೆ. ತಮಟೆಯ ಮಾತೂ ಹೀಗೆಯೇ. ಬೆಂಕಿಗೆ ಹಿಡಿದು ಕಾಯಿಸಿ, ಒಂದು ದಪ್ಪ ಕೋಲು ಒಂದು ಸಣ್ಣ ಕಡ್ಡಿ ಹಿಡಿದು ನುಡಿಸಿದರೆ ಒಂದೇ ಚರ್ಮದಿಂದ ಎರಡು ಎತ್ತರದ ದನಿ ಹೊರಡುತ್ತದೆ. ತಮಟೆಯ ಅನೇಕ ಗತ್ತುಗಳು ಮೂರರ ನಡೆಯವು. ಬಾರಿಸುವವರು ಏಟನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಬಿಡುತ್ತಾರೆ. ಆ ಎಳೆತದಲ್ಲಿಯೇ ಕುಣಿತ ಇರುವುದು. ಕಂಪ್ಯೂಟರಿನ ತಾಳದ ಚೌಕಗಳಲ್ಲಿ ಪ್ರತಿ ಏಟನ್ನೂ ಕೂರಿಸಿ ನೇರ ಮಾಡಿದ ಕೂಡಲೇ ತಮಟೆ ಸತ್ತುಹೋಗುತ್ತದೆ. ಸದ್ದು ತಮಟೆಯದೇ ಇರುತ್ತದೆ, ಕಾಲು ಮಾತ್ರ ಏಳುವುದಿಲ್ಲ.

ನಮ್ಮ ಜಾತ್ರೆಯ ರೀಮಿಕ್ಸುಗಳ ಬಗ್ಗೆ ನನ್ನ ಮುಖ್ಯ ದೂರು ಇದೇ. ಅವು ಜನಪದದಿಂದ ಹಾಡನ್ನು ಎತ್ತಿಕೊಳ್ಳುತ್ತವೆ, ತಾಳವನ್ನು ಬಿಟ್ಟು ಬರುತ್ತವೆ. ಹೆಣ್ಣುಮಕ್ಕಳು ನಿಧಾನಕ್ಕೆ ಎಳೆದು ಹಾಡಿದ ಪದವನ್ನು ವೇಗಕ್ಕೆ ತಳ್ಳಿದಾಗ ದನಿ ಕೀಚಲಾಗುತ್ತದೆ, ಉಸಿರು ತೆಗೆದುಕೊಳ್ಳುವ ಜಾಗಗಳು ಕತ್ತರಿಸಿ ಹೋಗುತ್ತವೆ, ಮೇಲಿಂದ ಯಂತ್ರದ ಏಟು ಬಂದು ಕೂರುತ್ತದೆ. ಟೆಕ್-ಹೌಸ್‌ನ ನಿಜವಾದ ಪಾಠ ಇದಕ್ಕೆ ತದ್ವಿರುದ್ಧವಾದದ್ದು: ಮಾತು ಕಡಿಮೆ ಮಾಡು, ತಾಳಕ್ಕೆ ಜಾಗ ಬಿಡು. ಉರುಮೆಯನ್ನೇ ಬೇಸ್ ಎಂದು ಒಪ್ಪಿಕೊಂಡು, ತಮಟೆಯ ಎಳೆತಕ್ಕೆ ಯಂತ್ರವನ್ನು ಹೊಂದಿಸಿ ಒಂದು ರೆಕಾರ್ಡು ಮಾಡಿದರೆ ಅದು ಬೆಂಗಳೂರಿನ ಇಂದಿರಾನಗರದಲ್ಲೂ ಲಂಡನ್ನಿನಲ್ಲೂ ನಿಲ್ಲಬಲ್ಲದು. ಪೀಣ್ಯದಲ್ಲಿ ಶಿಫ್ಟು ಮುಗಿಸಿ ಬಂದ ನಮ್ಮ ಶಿರಾ, ಮಧುಗಿರಿಯ ಹುಡುಗರು ಅದನ್ನು ಕೇಳಿದರೆ ಯಾರೂ ಹೇಳಿಕೊಡದೆ ಗುರುತು ಹಿಡಿಯುತ್ತಾರೆ.

ಆದರೆ ಒಂದು ವಿಷಯವನ್ನು ಮರೆಮಾಚಿ ಈ ಮಾತು ಆಡುವುದು ತಪ್ಪಾಗುತ್ತದೆ. ತಮಟೆ ನಮ್ಮ ಸೀಮೆಯಲ್ಲಿ ಬರೀ ಕಲೆಯಾಗಿ ಬದುಕಿ ಬಂದಿಲ್ಲ. ಅದು ಕೇರಿಯ ಮೇಲೆ ಊರು ಹೊರಿಸಿದ ಚಾಕರಿಯೂ ಆಗಿತ್ತು. ಸಾವಿಗೆ, ಸಾರುವುದಕ್ಕೆ, ದೇವರ ಮೆರವಣಿಗೆಗೆ ಕರೆದಾಗ ಹೋಗಲೇಬೇಕು, ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು, ಗುಡಿಯ ಹೊರಗೇ ನಿಲ್ಲಬೇಕು. ಆ ಚಾಕರಿಯನ್ನು ಬಿಟ್ಟೆದ್ದ ದಲಿತ ಯುವಕರ ತೀರ್ಮಾನ ಸರಿಯಾಗಿತ್ತು. ಡಿಜೆ ಬಂದಾಗ ಕೇರಿಯ ಕೆಲವು ಮನೆಗಳಲ್ಲಿ ನೆಮ್ಮದಿಯ ಉಸಿರು ಬಂದಿದ್ದರೆ ಅದಕ್ಕೆ ಕಾರಣ ಹುಡುಕಬೇಕಿಲ್ಲ. ಬಾಕ್ಸಿಗೆ ಜಾತಿ ಇಲ್ಲ. ಅದನ್ನು ಬಾಡಿಗೆಗೆ ತಂದವನನ್ನು ಯಾರೂ ದೂರ ನಿಲ್ಲಿಸುವುದಿಲ್ಲ. ಅದೇ ವೇಳೆ ತಮಟೆಯನ್ನು ತಲೆಯೆತ್ತಿ ಬಾರಿಸುವ ಇನ್ನೊಂದು ದಾರಿಯೂ ತೆರೆದಿದೆ. ನಮ್ಮ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ನಾಡೋಜ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಹೆಣ್ಣುಮಕ್ಕಳ ತಮಟೆ ತಂಡಗಳು ವೇದಿಕೆ ಏರಿವೆ. ಚಾಕರಿ ಹೋಗಬೇಕು, ವಿದ್ಯೆ ಉಳಿಯಬೇಕು. ಉಳಿಯಬೇಕಾದರೆ ಆ ವಿದ್ಯೆಗೆ ಹೆಸರು ಸೇರಬೇಕು, ಹಣ ಸೇರಬೇಕು. ರೀಮಿಕ್ಸಿನ ಪ್ರಶ್ನೆ ನನಗೆ ಇಲ್ಲಿಂದ ಎದುರಾಗುತ್ತದೆ.

ಹೆಸರು ಹೋದರೆ ಏನಾಗುತ್ತದೆ ಎಂಬುದಕ್ಕೆ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಅಫುನಾಕ್ವಾ ಎಂಬ ಹೆಂಗಸಿನ ಕಥೆಯನ್ನು ನಮ್ಮ ಪ್ರತಿ ಡಿಜೆ ಹುಡುಗನೂ ಕೇಳಬೇಕು. ಮಲೈಟಾ ದ್ವೀಪದ ಬೆಗು ಸಮುದಾಯದ ಆಕೆ ಒಂದು ಜೋಗುಳ ಹಾಡಿದಳು. ತಂದೆ ತಾಯಿಯನ್ನು ಕಳೆದುಕೊಂಡ ಮಗುವನ್ನು ಸಂತೈಸುವ ಹಾಡು ಅದು. ಜನಾಂಗ ಸಂಗೀತದ ವಿದ್ವಾಂಸ ಹ್ಯೂಗೊ ಜೆಂಪ್ 1970ರ ಸುಮಾರಿಗೆ ಅದನ್ನು ಧ್ವನಿಮುದ್ರಿಸಿಕೊಂಡರು. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿ ಆ ದನಿಯನ್ನು ಎತ್ತಿ, ಅಡಿಯಲ್ಲಿ ಯಂತ್ರದ ತಾಳ ಹಾಕಿ 'ಸ್ವೀಟ್ ಲಲಬಿ' ಎಂದು ಹೊರತಂದಿತು. ಹಾಡು ಜಗತ್ತನ್ನೆಲ್ಲ ಸುತ್ತಿತು. ಅವರ ಆಲ್ಬಮ್ಮು ಆಫ್ರಿಕದ ಪಿಗ್ಮಿಗಳ ಸಂಗೀತದಿಂದ ಕಟ್ಟಿದ್ದೆಂದು ಹೆಸರಾಗಿದ್ದರಿಂದ, ಮುಂದೆ ನಾರ್ವೆಯ ಯಾನ್ ಗಾರ್ಬರೆಕ್ ಅದೇ ರಾಗವನ್ನು ತಮ್ಮ ಸ್ಯಾಕ್ಸೊಫೋನಿನಲ್ಲಿ ನುಡಿಸಿ 'ಪಿಗ್ಮಿ ಲಲಬಿ' ಎಂದು ಕರೆದರು. ಮೊದಲು ಆಕೆಯ ಹೆಸರು ಹೋಯಿತು, ಆಮೇಲೆ ಊರು ಹೋಯಿತು, ಕೊನೆಗೆ ಖಂಡವೇ ತಪ್ಪಿಹೋಯಿತು. ಜೋಗುಳದಿಂದ ಬಂದ ಹಣದಲ್ಲಿ ಆಕೆಗೆ ಪಾಲು ಸಿಗಲಿಲ್ಲ. ಅಲ್ಲಿ ಯಾರೂ ರಾತ್ರಿ ಕನ್ನ ಹಾಕಿರಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಪ್ರತಿಯೊಬ್ಬರೂ ಚೀಟಿಯಲ್ಲಿ ಒಂದು ಸಾಲು ಕಡಿಮೆ ಬರೆದರು, ಅಷ್ಟೇ.

ನಮ್ಮ ಪೆನ್‌ಡ್ರೈವುಗಳಲ್ಲಿ ಈ ಚೀಟಿಯೇ ಇಲ್ಲ. ಫೈಲಿನ ಹೆಸರು ನೋಡಿದರೆ ಡಿಜೆಯ ಹೆಸರು, ಅವನ ಊರು, ಅವನ ಫೋನ್ ನಂಬರು ಇರುತ್ತದೆ. ಹಾಡಿದ ಅಜ್ಜಿಯ ಹೆಸರು ಇರುವುದಿಲ್ಲ.

ಶಿರಾ ತಾಲ್ಲೂಕಿನ ಕಳುವರಹಳ್ಳಿ ಬಳಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ವೀರ ಜುಂಜಪ್ಪ ದನಗಾಹಿ; ಅವನ ಕಥೆಯನ್ನು ಹಾಡುವವರು ಮೂರು ಅಡಿಯಷ್ಟು ಉದ್ದದ ಬಿದಿರಿನ ಗಣೆಯನ್ನು ಊದುತ್ತಾರೆ. ಗಣೆಯ ದನಿ ತಗ್ಗಿನದು, ಉಸಿರು ಬೆರೆತದ್ದು. ಆ ಕಾವ್ಯವನ್ನು ಚಲುವರಾಜು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿತು. ಪಾವಗಡದ ಗಡಿಗೆ ತಾಗಿದ ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡರು. ಅದೇ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಪುಸ್ತಕಲೋಕದಲ್ಲಿ ನಾವು ಕಲಿತ ಈ ಮರ್ಯಾದೆ, ಅಂದರೆ ಹಾಡಿದವರು ಯಾರು, ಯಾವ ಹಟ್ಟಿಯವರು ಎಂದು ಮೊದಲ ಪುಟದಲ್ಲೇ ಬರೆಯುವುದು, ಧ್ವನಿಯ ಲೋಕಕ್ಕೆ ಇನ್ನೂ ದಾಟಿಲ್ಲ.

ಗಣೆಯನ್ನು ರೀಮಿಕ್ಸಿಗೆ ತರಬಹುದೇ? ಹಟ್ಟಿಯ ಹಿರಿಯರು ಒಪ್ಪುವ ತನಕ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ದೇವರ ಸೇವೆಗೆಂದು ಊದುವ ವಾದ್ಯವನ್ನು ಬಾರಿನ ನೆಲಕ್ಕೆ ಇಳಿಸುವ ತೀರ್ಮಾನವನ್ನು ಹೊರಗಿನವರು ತೆಗೆದುಕೊಳ್ಳಬಾರದು. 2020ರ ಗಣೇಶನ ಹಬ್ಬದ ಹೊತ್ತಿಗೆ ಗಾಯಕ ಚಂದನ್ ಶೆಟ್ಟಿ ಮಲೆ ಮಾದಪ್ಪನ ಪರಂಪರೆಯ ಕೋಲುಮಂಡೆ ಪದವನ್ನು ಹೊಸ ತಾಳಕ್ಕೆ ತಂದು ವಿಡಿಯೊ ಮಾಡಿದರು. ಶರಣೆ ಸಂಕಮ್ಮನನ್ನು ಅದರಲ್ಲಿ ತೋರಿಸಿದ ಬಗೆಗೆ ಭಕ್ತರು ಸಿಟ್ಟಾದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ಇಳಿಯಿತು. ಚರ್ಚೆ ಅಲ್ಲಿಗೇ ನಿಂತದ್ದು ನಷ್ಟ. ಹೊಸ ತಾಳ ತಪ್ಪೋ, ತೋರಿಸಿದ ಬಟ್ಟೆಬರೆ ತಪ್ಪೋ, ಕೇಳದೆ ಮಾಡಿದ್ದು ತಪ್ಪೋ ಎಂದು ಬಿಡಿಸಿ ಮಾತಾಡಲು ಒಳ್ಳೆಯ ಸಂದರ್ಭ ಅದಾಗಿತ್ತು. ಆ ಪದವನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದ ದೇವರಗುಡ್ಡರನ್ನು ಮೊದಲು ಕೂರಿಸಿಕೊಂಡು ಮಾತಾಡಿದ್ದರೆ ಹಾಡೂ ಉಳಿಯುತ್ತಿತ್ತು ಎಂದು ನಾನು ನಂಬುತ್ತೇನೆ.

ಕಾನೂನು ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಬಡವಾಗಿಲ್ಲ. ಜನಪದ ಹಾಡಿಗೆ ಕರ್ತೃ ಇಲ್ಲ, ಆದ್ದರಿಂದ ಯಾರು ಬೇಕಾದರೂ ಬಳಸಬಹುದು ಎಂಬ ಮಾತು ಅರ್ಧ ಮಾತ್ರ ನಿಜ. ಹಾಡು ಎಲ್ಲರದು, ಆದರೆ ಒಬ್ಬರು ಹಾಡಿದಾಗ ಆ ಹಾಡಿಕೆ ಅವರದು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು 50 ವರ್ಷದ ಮಟ್ಟಿಗೆ ಒಪ್ಪುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಪ್ರದರ್ಶಕರಿಗೆ ಗೌರವಧನದ ಪಾಲು ಸಲ್ಲಬೇಕು, ಅವರನ್ನು ಹೆಸರು ಹಿಡಿದು ಗುರುತಿಸಬೇಕು, ಹೆಸರಿಗೆ ಕುಂದು ಬರುವಂತೆ ವಿರೂಪ ಮಾಡಿದರೆ ತಡೆಯುವ ಹಕ್ಕು ಅವರಿಗಿದೆ ಎಂದು ಹೇಳಿತು. ಹಾಡುವವರು, ವಾದ್ಯ ನುಡಿಸುವವರು ಎಲ್ಲರೂ ಇದರಲ್ಲಿ ಬರುತ್ತಾರೆ. ಮಧುಗಿರಿಯ ಕೇರಿಯ ಉರುಮೆಯವರಿಗೂ ಮುಂಬೈಯ ಸ್ಟುಡಿಯೊ ಕಲಾವಿದರಿಗೂ ಕಾಯ್ದೆ ಒಂದೇ. ಅದನ್ನು ಅವರಿಗೆ ಓದಿ ಹೇಳಿದವರು ಮಾತ್ರ ಇಲ್ಲ.

ಇನ್ನು ಒಪ್ಪಂದದ ಮಾತು. ಇದಕ್ಕೆ ಪಾವಗಡವೇ ಒಂದು ಮಾದರಿ ಕೊಟ್ಟಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕು ನಿಂತಾಗ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆ, ಪಹಣಿಯಲ್ಲಿ ಹೆಸರು ರೈತನದೇ. ದನಿಯನ್ನೂ ಹೀಗೆಯೇ ಕೊಡಬೇಕು. ಒಂದು ಸಂಜೆಗೆ ಕೈಗೆ ಎರಡು ಸಾವಿರ ಇಟ್ಟು ಎಲ್ಲ ಕಾಲಕ್ಕೂ ಬರೆಸಿಕೊಳ್ಳುವ ಪದ್ಧತಿ ಹೋಗಿ, ಬಳಸಿದಷ್ಟು ಕಾಲ ಪಾಲು ಬರುವ, ಹೆಸರು ಅವರದೇ ಉಳಿಯುವ ಪದ್ಧತಿ ಬರಬೇಕು. ಆ ಪಾರ್ಕಿನ ಇನ್ನೊಂದು ಪಾಠವನ್ನೂ ಮರೆಯಬಾರದು. ಜಮೀನು ಇದ್ದವರಿಗೆ ಗುತ್ತಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಹೋಯಿತು. ಸಂಗೀತದಲ್ಲೂ ಮುಂದೆ ನಿಂತ ಗಾಯಕರಿಗೆ ಪಾಲು ಕೊಟ್ಟು, ಹಿಂದೆ ನಿಂತು ಬಾರಿಸಿದವರಿಗೆ ಊಟ ಹಾಕಿ ಕಳಿಸುವ ರೂಢಿ ಇದೆ. ರೆಕಾರ್ಡಿನ ಬೆನ್ನೆಲುಬೇ ಅವರಾಗಿರುವಾಗ ಪಾಲಿನಲ್ಲಿ ಅವರು ಮೊದಲು ಬರಬೇಕು.

ಧ್ವನಿಮುದ್ರಣದ ಕ್ರಮವೂ ಬದಲಾಗಬೇಕು. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಟೇಪು ತುಂಬಿಸಿ ರಾಮನಗರದ ಜಾನಪದ ಲೋಕದಲ್ಲಿ ಇಟ್ಟರು. ಆ ಋಣ ದೊಡ್ಡದು. ಇಂದಿನ ಕೆಲಸಕ್ಕೆ ಅದಕ್ಕಿಂತ ಬೇರೆ ಬಗೆಯ ಮುದ್ರಣ ಬೇಕು. ಉರುಮೆಗೊಂದು ಮೈಕು, ತಮಟೆಗೊಂದು, ಅರೆಗೊಂದು, ದನಿಗೊಂದು. ಎಲ್ಲವೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂತರೆ ಮಾತ್ರ ಮುಂದೆ ಯಾರಾದರೂ ಅದನ್ನು ಕೆಡಿಸದೆ ಹೊಸದಾಗಿ ಕಟ್ಟಲು ಸಾಧ್ಯ. ಮೊಬೈಲಿನಲ್ಲಿ ಹಿಡಿದ ಜಾತ್ರೆಯ ವಿಡಿಯೊದಿಂದ ದನಿ ಕಿತ್ತು ಮಾಡುವ ರೀಮಿಕ್ಸಿಗೆ ಒರಟುತನ ಬಿಟ್ಟು ಬೇರೆ ಗತಿ ಇಲ್ಲ. ಮೂಲದ ಒಂದು ಪ್ರತಿ ಆ ಕೇರಿ, ಆ ಹಟ್ಟಿಯವರ ಕೈಯಲ್ಲಿರಬೇಕು. ಒಪ್ಪಂದದ ಕಾಗದ ಕನ್ನಡದಲ್ಲಿರಬೇಕು, ಸಹಿಗೆ ಮುಂಚೆ ಎಲ್ಲರ ಎದುರು ಜೋರಾಗಿ ಓದಬೇಕು. ಪಾವಗಡದ ತೆಲುಗು ಮಾತಿನ ಮನೆಗಳಲ್ಲಿ ತೆಲುಗಿನಲ್ಲೂ ಓದಬೇಕು.

ಸದ್ದಿನ ಮಿತಿಯ ಬಗ್ಗೆ ಎರಡು ಮಾತು ಸಾಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಕೂಡದೆಂದು 2000ದ ನಿಯಮಗಳು ಹೇಳುತ್ತವೆ. ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಹಸುಗೂಸು, ಹೃದಯದ ಕಾಯಿಲೆಯವರು, ಕೊಟ್ಟಿಗೆಯ ದನ ಎಲ್ಲರೂ ಇರುವ ಬೀದಿಯಲ್ಲಿ ಗೋಡೆ ನಡುಗಿಸುವ ಬೇಸನ್ನು ನಾನು ಸಮರ್ಥಿಸಲಾರೆ. ಟೆಕ್-ಹೌಸ್ ಹುಟ್ಟಿದ್ದು ಗೋಡೆ ದಪ್ಪಗಿರುವ ಮುಚ್ಚಿದ ಕೋಣೆಗಳಲ್ಲಿ. ಬೀದಿಗೆ ಉರುಮೆಯೇ ಸಾಕಷ್ಟು ದೊಡ್ಡ ವಾದ್ಯ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಉರುಮೆ, ಅರೆ, ತಮಟೆ ಬಾರಿಸುವವರು, ಗಣೆ ಊದುವವರು, ಸೋಬಾನೆ ಹೇಳುವ ಹೆಣ್ಣುಮಕ್ಕಳು ಯಾರಿದ್ದಾರೆ, ಯಾರಿಂದ ಕಲಿತರು, ಯಾವ ಗತ್ತಿಗೆ ಯಾವ ಹೆಸರು ಹೇಳುತ್ತಾರೆ ಎಂಬುದನ್ನು ಅವರ ಒಪ್ಪಿಗೆ ಪಡೆದು ನಮಗೆ ಬರೆದು ಕಳಿಸಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಹೀಗೆ ತಾಲ್ಲೂಕುವಾರು ಅವರ ಹೆಸರುಗಳನ್ನು ಮುಂದಿನ ಸಂಚಿಕೆಯಿಂದ ಪ್ರಕಟಿಸುತ್ತೇವೆ. ಡಿಜೆ ಕೆಲಸ ಮಾಡುವ ಯುವಕರೂ ಬರೆಯಿರಿ. ನಿಮ್ಮ ಮುಂದಿನ ರೀಮಿಕ್ಸಿನ ಫೈಲಿಗೆ ಹೆಸರಿಡುವಾಗ ನಿಮ್ಮ ಹೆಸರಿಗಿಂತ ಮೊದಲು ಹಾಡಿದವರ, ಬಾರಿಸಿದವರ ಹೆಸರು ಹಾಕಿ.